ವರಹಗಳ ಬೆನ್ನು ಹತ್ತಿದ ಕಿತ್ತೂರಿನ ಸೆರೆಯಾಳು: ಸರ್ ವಾಲ್ಟರ್ ಎಲಿಯಟ್

ಪಾಳುಬಿದ್ದ ಕೋಟೆ, ಹಳೆಯ ಗುಡಿಗಳ ಸುತ್ತ ರಾತ್ರಿ ಹೊತ್ತು ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವವರು ಪೊಲೀಸರ ಕೈಗೆ ಸಿಕ್ಕಿಬಿದ್ದ ಸುದ್ದಿ ನಮ್ಮ ಜಿಲ್ಲಾ ಪುಟಗಳಿಗೆ ಹೊಸದಲ್ಲ. ನಿಧಿಯ ಆಸೆಗೆ ಬಲಿಬಿದ್ದವರಿಗೆ ಬೇಕಾಗಿರುವುದು ಚಿನ್ನವೇ ಹೊರತು ಚಿನ್ನದ ಮೇಲಿನ ಅಕ್ಷರವಲ್ಲ. ಸಿಕ್ಕ ನಾಣ್ಯ ಮರುದಿನವೇ ಮೂಸೆಗೆ ಬೀಳುತ್ತದೆ. ಅದು ಯಾವ ಅರಸನದು, ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತು, ಅದರ ಜತೆಗೆ ಇನ್ನೇನಿತ್ತು ಎಂಬ ಪ್ರಶ್ನೆಗಳೆಲ್ಲ ಆ ಮೂಸೆಯಲ್ಲೇ ಕರಗಿಹೋಗುತ್ತವೆ.

ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗಳ ಬೆನ್ನು ಹತ್ತಿ ಧಾರವಾಡ ಸೀಮೆಯಲ್ಲಿ ಓಡಾಡಿದ ಒಬ್ಬ ಅಧಿಕಾರಿಯಿದ್ದ. ಆತನ ಬಳಿ ಯಾವ ಯಂತ್ರವೂ ಇರಲಿಲ್ಲ. ಮುಂಗಾರಿನ ಮಳೆ ಮಣ್ಣು ತೊಳೆದು ಮೇಲೆತ್ತಿ ಕೊಟ್ಟದ್ದು, ಉಳುವವನ ನೇಗಿಲಿಗೆ ತಾಗಿದ್ದು, ಅಕ್ಕಸಾಲಿಗನ ಕುಲುಮೆಯ ಬಾಯಿಂದ ತಪ್ಪಿದ್ದು ಇವಿಷ್ಟೇ ಅಂದಿನ ನಾಣ್ಯ ಸಂಗ್ರಾಹಕನ ಬಂಡವಾಳ. ಅಷ್ಟರಿಂದಲೇ ಆತ ದಕ್ಷಿಣ ಭಾರತದ ನಾಣ್ಯಗಳ ಇತಿಹಾಸಕ್ಕೆ ಒಂದು ಬುನಾದಿ ಹಾಕಿದ. ಆತನೇ ಸರ್ ವಾಲ್ಟರ್ ಎಲಿಯಟ್. ಕಿತ್ತೂರಿನ ಚರಿತ್ರೆ ಓದಿದವರಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ.

ಸಾವಿರ ವರಹದ ಬಹುಮಾನ

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಎಡಿನ್‌ಬರೋದಲ್ಲಿ. ಸ್ಕಾಟ್ಲೆಂಡಿನ ಗಡಿನಾಡಿನಲ್ಲಿ ವುಲ್ಫ್‌ಲೀ ಎಂಬ ಎಸ್ಟೇಟು ಹೊಂದಿದ್ದ ಮನೆತನ ಆತನದು. ಈಸ್ಟ್ ಇಂಡಿಯಾ ಕಂಪನಿ ತನ್ನ ನಾಗರಿಕ ಸೇವೆಯ ಹುಡುಗರನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, 1821ರಲ್ಲಿ ಮದ್ರಾಸಿಗೆ ಬಂದಿಳಿದಾಗ ಆತನಿಗೆ ಹದಿನೆಂಟು ವರ್ಷ. ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ಹೊಸ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲಾಗುತ್ತಿತ್ತು. ತಮಿಳು ಮತ್ತು ಹಿಂದೂಸ್ತಾನಿಯಲ್ಲಿ ತೋರಿದ ಪ್ರಾವೀಣ್ಯಕ್ಕಾಗಿ ಎಲಿಯಟ್‌ಗೆ ದೊರೆತ ಬಹುಮಾನ ಒಂದು ಸಾವಿರ ವರಹ.

ಬಹುಮಾನವನ್ನು ವರಹದ ಲೆಕ್ಕದಲ್ಲಿ ಕೊಟ್ಟರೂ ಆ ಹೊತ್ತಿಗೆ ವರಹದ ಕಾಲ ಮುಗಿಯುತ್ತ ಬಂದಿತ್ತು. 1818ರಲ್ಲಿಯೇ ಕಂಪನಿ ಸರ್ಕಾರ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ವರಹವನ್ನು ಕೈಬಿಟ್ಟು ಬೆಳ್ಳಿಯ ರೂಪಾಯಿಯನ್ನು ಅಧಿಕೃತ ನಾಣ್ಯವಾಗಿ ಘೋಷಿಸಿತ್ತು. 100 ನಕ್ಷತ್ರ ವರಹಕ್ಕೆ 350 ರೂಪಾಯಿಯಂತೆ ವಿನಿಮಯ ದರ ಗೊತ್ತಾಗಿತ್ತು. ಇದರ ಪರಿಣಾಮ ದೂರಗಾಮಿಯಾಗಿತ್ತು. ಶತಮಾನಗಳಿಂದ ದಕ್ಷಿಣದ ಸಂತೆ, ಸುಂಕಕಟ್ಟೆ, ದೇವಸ್ಥಾನದ ಭಂಡಾರಗಳಲ್ಲಿ ಓಡಾಡಿದ್ದ ಗದ್ಯಾಣ, ವರಹ, ಹಣಗಳು ಚಲಾವಣೆ ಕಳೆದುಕೊಂಡು ಬರಿಯ ಲೋಹವಾದವು. ಸುಮಾರು 3.4 ಗ್ರಾಂ ತೂಕದ ವರಹಕ್ಕೂ ಅದರ ಹತ್ತನೇ ಒಂದು ಭಾಗದಷ್ಟಿದ್ದ, ಉಗುರಿನ ತುದಿಯಲ್ಲಿ ನಿಲ್ಲುವಂಥ ಚಿನ್ನದ ಹಣಕ್ಕೂ ಇನ್ನುಳಿದದ್ದು ತಕ್ಕಡಿಯ ಬೆಲೆ, ಒರೆಗಲ್ಲಿನ ಬೆಲೆ ಮಾತ್ರ. ಚಿನಿವಾರರ ಪೆಟ್ಟಿಗೆಗಳಿಂದ ಅವು ನೇರವಾಗಿ ಆಭರಣಗಳಾಗಿ ಹೊರಬರತೊಡಗಿದವು. ಎಲಿಯಟ್ ಭಾರತಕ್ಕೆ ಬಂದದ್ದು ಇಂಥ ಸಂಧಿಕಾಲದಲ್ಲಿ.

ಕಿತ್ತೂರಿನ ಸೆರೆ

1823ರಲ್ಲಿ ಸೇಲಂನಲ್ಲಿ ಅಲ್ಪಕಾಲ ಕೆಲಸ ಮಾಡಿದ ಎಲಿಯಟ್‌ನನ್ನು ಆಗ ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯಲಾಗುತ್ತಿದ್ದ ಧಾರವಾಡ ಸೀಮೆಗೆ ಕಳುಹಿಸಲಾಯಿತು. ಪೇಶ್ವೆಯರಿಂದ ಕಂಪನಿಯ ಕೈಗೆ ಬಂದು ಇನ್ನೂ ಐದಾರು ವರ್ಷವಾಗಿದ್ದ ನಾಡು ಅದು. ಅಲ್ಲಿನ ಮುಖ್ಯ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಗೆ ಆತ ಸಹಾಯಕ. (ಮುಂದೆ ಕಾದಂಬರಿಕಾರನೆಂದು ಹೆಸರಾದ ವಿಲಿಯಂ ಥ್ಯಾಕರೆಗೆ ಈತ ಚಿಕ್ಕಪ್ಪ.)

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತು ಸ್ವೀಕಾರವನ್ನು ಥ್ಯಾಕರೆ ಒಪ್ಪಲಿಲ್ಲ. ಬೊಕ್ಕಸಕ್ಕೆ ಕಾವಲು ಹಾಕಿಸಿದ. ಮುಂದಿನದು ಕನ್ನಡಿಗರಿಗೆಲ್ಲ ಗೊತ್ತಿರುವ ಕಥೆ. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನವರ ಪಡೆ ಕೋಟೆಯಿಂದ ಹೊರನುಗ್ಗಿ ಕಂಪನಿಯ ಸೈನ್ಯವನ್ನು ಚದುರಿಸಿತು. ಥ್ಯಾಕರೆ ಗುಂಡಿಗೆ ಬಲಿಯಾದ. ಆತನೊಂದಿಗೆ ಮತ್ತೆ ಮೂವರು ಸೇನಾಧಿಕಾರಿಗಳು ಸತ್ತರು. ಇಬ್ಬರು ಸಹಾಯಕರು ಸೆರೆ ಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಇಪ್ಪತ್ತೊಂದು ವರ್ಷದ ವಾಲ್ಟರ್ ಎಲಿಯಟ್.

ಆರು ವಾರಗಳ ಕಾಲ ಎಲಿಯಟ್ ಕಿತ್ತೂರಿನ ವಶದಲ್ಲಿದ್ದ. ಹೊರಗೆ ಕಂಪನಿಯ ದೊಡ್ಡ ಸೈನ್ಯ ಸೇರುತ್ತಿತ್ತು, ಒಳಗೆ ಸಂಧಾನದ ಮಾತುಗಳು ನಡೆಯುತ್ತಿದ್ದವು. ಕಿತ್ತೂರಿನವರ ಕೈಯಲ್ಲಿದ್ದ ಬಲವಾದ ದಾಳವೆಂದರೆ ಈ ಇಬ್ಬರು ಸೆರೆಯಾಳುಗಳೇ. ಮನಸ್ಸು ಮಾಡಿದ್ದರೆ ಅವರ ತಲೆಗಳನ್ನು ಕೋಟೆಯ ಬಾಗಿಲಿಗೆ ಕಟ್ಟಬಹುದಾಗಿತ್ತು. ಹಾಗಾಗಲಿಲ್ಲ. ಡಿಸೆಂಬರ್ ಮೊದಲ ವಾರ ಇಬ್ಬರನ್ನೂ ಸುರಕ್ಷಿತವಾಗಿ ಬಿಟ್ಟುಕೊಡಲಾಯಿತು. ಅದರ ಬೆನ್ನಲ್ಲೇ ಕಂಪನಿ ಕೋಟೆಯ ಮೇಲೆ ಬಿದ್ದಿತು. ಕೋಟೆ ಉರುಳಿತು, ಬೊಕ್ಕಸ ಕಂಪನಿಯ ಪಾಲಾಯಿತು, ರಾಣಿ ಬೈಲಹೊಂಗಲದ ಸೆರೆಗೆ ಹೋಗಿ 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ಎಲಿಯಟ್‌ಗೆ ಸಿಕ್ಕ ಬಿಡುಗಡೆ ಆಕೆಗೆ ಸಿಗಲಿಲ್ಲ ಎಂಬುದನ್ನು ಈ ಜೀವನಚರಿತ್ರೆಯಲ್ಲಿ ಮರೆಯಲಾಗದು.

ಸ್ವಾಭಾವಿಕವಾಗಿ ಇಂಥ ಅನುಭವವಾದವನು ಆ ಊರಿನ ದಿಕ್ಕಿಗೆ ಮತ್ತೆ ಮುಖ ಹಾಕಬಾರದಿತ್ತು. ಮದ್ರಾಸ್ ಸೇವೆಗೆ ಸೇರಿದವನಾದ ಎಲಿಯಟ್‌ಗೆ ಹಿಂತಿರುಗುವ ದಾರಿ ತೆರೆದೇ ಇತ್ತು. ಏಕೆಂದರೆ ಧಾರವಾಡ ಸೀಮೆಯ ಆಡಳಿತ ಮುಂಬಯಿ ಸರ್ಕಾರಕ್ಕೆ ಸೇರಿತು. ಆದರೂ ಆತ 1833ರವರೆಗೆ ಇಲ್ಲಿಯೇ ಉಳಿದ. ಸಂಗೊಳ್ಳಿ ರಾಯಣ್ಣನ ಬಂಡಾಯ ಎದ್ದು ಅಡಗಿದ್ದೂ ಇದೇ ಅವಧಿಯಲ್ಲಿ. ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದ ಆ ಕಾಲದಲ್ಲಿ ಧಾರವಾಡದ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ಶ್ರಮಿಸಿದ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬ.

ಕಲ್ಲಿನಿಂದ ನಾಣ್ಯಕ್ಕೆ

ಕಂದಾಯದ ಕೆಲಸಕ್ಕೆಂದು ಕುದುರೆಯೇರಿ ಹಳ್ಳಿಹಳ್ಳಿ ತಿರುಗುತ್ತಿದ್ದಾಗ ಎಲಿಯಟ್‌ನ ಕಣ್ಣಿಗೆ ಬಿದ್ದದ್ದು ಶಾಸನಗಳು. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಹಳಗನ್ನಡದ ಕಲ್ಲುಗಳನ್ನು ಆಗ ಓದಬಲ್ಲವರು ಊರಲ್ಲಿ ಇದ್ದದ್ದೇ ಅಪರೂಪ. ಕರ್ನಲ್ ಕಾಲಿನ್ ಮೆಕೆಂಝಿ ಮೈಸೂರು ಸರ್ವೇಕ್ಷಣೆಯ ಕಾಲದಲ್ಲಿ ಆರಂಭಿಸಿದ್ದ ಸಂಗ್ರಹ ಕಾರ್ಯವನ್ನು ಎಲಿಯಟ್ ಧಾರವಾಡ ಸೀಮೆಯಲ್ಲಿ ಮುಂದುವರಿಸಿದ. ಪಂಡಿತರ ನೆರವಿನಿಂದ ಆತ ನಕಲು ಮಾಡಿಸಿದ ಶಾಸನಗಳ ಸಂಖ್ಯೆ 595. ಕರ್ನಾಟಕ ದೇಶದ ಶಾಸನಗಳೆಂಬ ಹೆಸರಿನ ಆ ಹಸ್ತಪ್ರತಿ ಸಂಪುಟಗಳು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯನ್ನು ಸೇರಿದವು. ಅವುಗಳ ಆಧಾರದಿಂದ ಆತ ಬರೆದ ಪ್ರಬಂಧ 1830ರ ದಶಕದ ಉತ್ತರಾರ್ಧದಲ್ಲಿ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಲ್ಯಾಣದ ಚಾಲುಕ್ಯ ಅರಸರು ಯಾರ ನಂತರ ಯಾರು ಆಳಿದರು ಎಂಬುದನ್ನು ಶಾಸನಗಳ ಬಲದಿಂದ ಒಂದು ಕ್ರಮದಲ್ಲಿ ಜೋಡಿಸಿದ ಮೊದಲ ಬರಹಗಳಲ್ಲಿ ಇದೂ ಒಂದು. ಮುಂದೆ ಜಾನ್ ಫ್ಲೀಟ್ ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆಯುವಾಗ ಎಲಿಯಟ್‌ನ ಹಸ್ತಪ್ರತಿಗಳನ್ನು ಮತ್ತೆ ಮತ್ತೆ ತಿರುವಿಹಾಕಿದ.

ಶಾಸನ ಹಿಡಿದ ಕೈಗೆ ನಾಣ್ಯ ಸಿಗುವುದು ಸಹಜ. ಆದರೆ ದಕ್ಷಿಣದ ನಾಣ್ಯಗಳು ಸುಲಭಕ್ಕೆ ಮಾತಾಡುವಂಥವಲ್ಲ. ಉತ್ತರದಲ್ಲಿ ಇಂಡೋ-ಗ್ರೀಕರ ನಾಣ್ಯಗಳ ಒಂದು ಬದಿಯಲ್ಲಿ ಗ್ರೀಕ್, ಇನ್ನೊಂದು ಬದಿಯಲ್ಲಿ ಖರೋಷ್ಠಿ ಇತ್ತು. ಒಂದು ಬದಿಯ ಹೆಸರಿನಿಂದ ಇನ್ನೊಂದು ಬದಿಯ ಲಿಪಿಯನ್ನು ಬಿಡಿಸುವ ಅನುಕೂಲ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್‌ಗೆ ದೊರಕಿತ್ತು. ನಮ್ಮ ವರಹಗಳಲ್ಲಿ ಅಂಥ ಉಪಕಾರವಿಲ್ಲ. ಹೆಚ್ಚಿನವುಗಳಲ್ಲಿ ಇಸವಿಯಿಲ್ಲ, ಅನೇಕದರಲ್ಲಿ ಅರಸನ ಹೆಸರೂ ಇಲ್ಲ. ಬಟ್ಟಲಿನಂತೆ ತಗ್ಗಾದ ತೆಳು ಚಿನ್ನದ ಬಿಲ್ಲೆಯ ಮೇಲೆ ಬಿಡಿಬಿಡಿಯಾಗಿ ಒತ್ತಿದ ಒಂದು ಕಮಲ, ಒಂದು ಸಿಂಹ, ಒಂದು ಹಂದಿ, ಎರಡು ಅಕ್ಷರ ಇದ್ದರೆ ಪುಣ್ಯ. ಚಿನಿವಾರನಿಗೆ ಇದು ಸಮಸ್ಯೆಯೇ ಅಲ್ಲ. ಆತ ಒರೆಗಲ್ಲಿಗೆ ಉಜ್ಜಿ, ಬಣ್ಣ ನೋಡಿ, ತೂಗಿ ಬೆಲೆ ಹೇಳಿಬಿಡುತ್ತಾನೆ. ಇತಿಹಾಸಕಾರನಿಗೆ ಅದರ ಬೆಲೆ ಕಟ್ಟಲು ಬೇರೆಯದೇ ಒರೆಗಲ್ಲು ಬೇಕು.

ಎಲಿಯಟ್ ಬಳಸಿದ ಒರೆಗಲ್ಲು ಶಾಸನಗಳದ್ದು. ತಾಮ್ರಪಟಗಳ ಮುದ್ರೆಯಲ್ಲಿ ಯಾವ ರಾಜವಂಶ ಯಾವ ಲಾಂಛನವನ್ನು ಒತ್ತುತ್ತಿತ್ತು ಎಂಬುದು ಆತನಿಗೆ ಗೊತ್ತಿತ್ತು. ಚಾಲುಕ್ಯರ ಮುದ್ರೆಯಲ್ಲಿ ವರಾಹ, ಕದಂಬರದ್ದರಲ್ಲಿ ಸಿಂಹ. ಅದೇ ಪ್ರಾಣಿ ನಾಣ್ಯದ ಮೇಲೆ ಕಂಡರೆ ಮೊದಲ ಸುಳಿವು ಸಿಕ್ಕಂತೆ. ಬಳಿಕ ಅಕ್ಷರದ ಬಳಸು, ತೂಕ, ಎಲ್ಲಿ ಸಿಕ್ಕಿತೆಂಬ ಮಾಹಿತಿ. ಈ ನಾಲ್ಕೂ ಒಂದೇ ಕಡೆ ಬೆರಳು ತೋರಿದರೆ ನಾಣ್ಯ ಮನೆ ಸೇರಿತು. ವಂಶದ ಲಾಂಛನವೇ ನಾಣ್ಯದ ಹೆಸರಾಗಿ, ಹಂದಿಯ ಗುರುತಿಲ್ಲದ ಚಿನ್ನದ ನಾಣ್ಯಗಳನ್ನೂ ಜನ ವರಹವೆಂದೇ ಕರೆಯುತ್ತ ಬಂದದ್ದು ಭಾಷೆಯ ಒಂದು ತಮಾಷೆ.

ಹೊಯ್ಸಳರ ನಾಣ್ಯಗಳು ಇದಕ್ಕೆ ಸೊಗಸಾದ ಉದಾಹರಣೆ. ಎಲಿಯಟ್‌ನ ಗ್ರಂಥದಲ್ಲಿ ಬರುವ ಕೆಲವು ವರಹಗಳ ಹಿಂಬದಿಯಲ್ಲಿ ಹಳಗನ್ನಡ ಅಕ್ಷರಗಳಿವೆ. ಓದಿದರೆ ಅರಸನ ಹೆಸರಿಲ್ಲ, ಬಿರುದು ಮಾತ್ರವಿದೆ. ಒಂದು ತಲಕಾಡನ್ನು ಗೆದ್ದವನೆಂದು ಸಾರಿದರೆ ಇನ್ನೊಂದು ನೊಳಂಬವಾಡಿಯನ್ನು ಗೆದ್ದವನೆಂದು ಸಾರುತ್ತದೆ. ಚೋಳರಿಂದ ತಲಕಾಡನ್ನು 1116ರ ಸುಮಾರಿಗೆ ಕಿತ್ತುಕೊಂಡವನು ವಿಷ್ಣುವರ್ಧನ ಎಂದು ಶಾಸನಗಳು ಹೇಳುತ್ತವೆ. ಹೀಗೆ ಹೆಸರೇ ಇಲ್ಲದ ನಾಣ್ಯಕ್ಕೆ ಅರಸನೂ ಸಿಕ್ಕ, ಕಾಲವೂ ಸಿಕ್ಕಿತು. ಅಕ್ಕಸಾಲಿಗನ ಲೆಕ್ಕದಲ್ಲಿ ಒಂದು ಗದ್ಯಾಣ ಚಿನ್ನವಾಗಿದ್ದದ್ದು ಒಂದು ಯುದ್ಧದ ದಾಖಲೆಯಾಯಿತು.

ಗಾಳಿ ಎಬ್ಬಿಸಿ ಕೊಟ್ಟ ಕಾಸು

1833ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ತೆರಳಿದ ಎಲಿಯಟ್ ಮದ್ರಾಸಿಗೆ ಮರಳಿ, ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್‌ಗೆ ಖಾಸಗಿ ಕಾರ್ಯದರ್ಶಿಯಾದ. 1839ರಲ್ಲಿ ಧಾರವಾಡ ಸೀಮೆಯ ಸಸ್ತನಿ ಪ್ರಾಣಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಕನ್ನಡ ಹೆಸರುಗಳನ್ನೂ ಅದರಲ್ಲಿ ಕೊಟ್ಟಿರುವುದು ವಿಶೇಷ. ಪೊದೆಯಲ್ಲಿ ಬದುಕುವ ಒಂದು ಬಗೆಯ ಇಲಿಗೆ ವಿಜ್ಞಾನಿಗಳು ಎಲಿಯಟ್‌ನ ಹೆಸರನ್ನೇ ಇಟ್ಟರು. ದಕ್ಷಿಣದ ಮರಮೂಗಿಲಿಯ ಶಾಸ್ತ್ರೀಯ ಹೆಸರಿನಲ್ಲೂ ಆತನಿದ್ದಾನೆ. ಪಾರಿವಾಳಗಳ ಬಗ್ಗೆ ಅಧ್ಯಯನ ನಡೆಸಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿದವನೂ ಈತನೇ. 1859ರ ತನ್ನ ಪ್ರಖ್ಯಾತ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ ಇದನ್ನು ಸ್ಮರಿಸಿದ್ದಾನೆ. ಆ ಪುಸ್ತಕ ಓದಿದವರಲ್ಲಿ ಎಷ್ಟು ಮಂದಿಗೆ ಈ ಎಲಿಯಟ್ ಕಿತ್ತೂರಿನ ಸೆರೆಯಾಳೆಂದು ಹೊಳೆದೀತು?

1845ರಲ್ಲಿ ಎಲಿಯಟ್ ಆಂಧ್ರ ಕರಾವಳಿಗೆ ಹೋದ. ಕ್ಷಾಮದಿಂದಲೂ ಕೆಟ್ಟ ಆಡಳಿತದಿಂದಲೂ ನಲುಗಿದ್ದ ಗುಂಟೂರಿನ ಕಂದಾಯದ ವಿಚಾರಣೆ ನಡೆಸಿ, ಉತ್ತರ ಸರ್ಕಾರ್ ಜಿಲ್ಲೆಗಳ ಕಮಿಷನರ್ ಆಗಿ 1854ರವರೆಗೆ ಅಲ್ಲಿದ್ದ. ಕೃಷ್ಣಾ ತೀರದ ಅಮರಾವತಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳನ್ನು ಅಗೆಸಿ ಮದ್ರಾಸಿಗೆ ಸಾಗಿಸಿದ್ದು ಆಗಲೇ. ಆ ಶಿಲ್ಪಗಳು ಬಹುಕಾಲ ಮದ್ರಾಸಿನ ಬಿಸಿಲುಮಳೆಗೆ ಮೈಯೊಡ್ಡಿ ಬಿದ್ದಿದ್ದವು. ಬಳಿಕ ಹಡಗೇರಿ ಲಂಡನ್ನಿಗೆ ಹೋದವು. ಅಲ್ಲಿಯೂ ಅವನ್ನು ಕೇಳುವವರಿಲ್ಲದೆ, 1860ರ ದಶಕದಲ್ಲಿ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸ ಪತ್ತೆ ಹಚ್ಚುವವರೆಗೆ ಒಂದು ಕಟ್ಟಡದ ಗಾಡಿಖಾನೆಯಲ್ಲಿದ್ದವು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅವುಗಳಿಗೆ ಎಲಿಯಟ್ ಅಮೃತಶಿಲೆಗಳೆಂದೇ ಹೆಸರು ಬಿತ್ತು. ಅಗೆದವನ ಹೆಸರು ಉಳಿಯಿತು. ಅಗೆಯುವಾಗ ಯಾವ ಕಲ್ಲು ಎಲ್ಲಿತ್ತೆಂಬ ವಿವರ ಮಾತ್ರ ಸರಿಯಾಗಿ ಉಳಿಯಲಿಲ್ಲ. ನಾಣ್ಯದ ವಿಷಯದಲ್ಲಿ ಸಿಕ್ಕ ಸ್ಥಳಕ್ಕೆ ಅಷ್ಟು ಮಹತ್ವ ಕೊಟ್ಟವನು ಇಲ್ಲಿ ಎಡವಿದ ಎಂದು ಹೇಳಲೇಬೇಕು.

ಈ ಕರಾವಳಿಯ ವಾಸ ಆತನ ನಾಣ್ಯ ಸಂಗ್ರಹಕ್ಕೆ ಹೊಸ ದಿಕ್ಕು ಕೊಟ್ಟಿತು. ಧಾರವಾಡದಲ್ಲಿ ಚಿನ್ನದ ಗದ್ಯಾಣ ಕಂಡವನಿಗೆ ಇಲ್ಲಿ ಸೀಸದ, ತಾಮ್ರದ ಪುಟ್ಟ ಕಾಸುಗಳು ಎದುರಾದವು. ಕೋರಮಂಡಲ ತೀರದುದ್ದಕ್ಕೂ ಹಿಂದೆ ಊರುಗಳಿದ್ದು ಈಗ ಮರಳಾಗಿರುವ ಜಾಗಗಳಿವೆ. ಬಿರುಗಾಳಿ ಬೀಸಿ ಮರಳು ಸರಿದಾಗಲೆಲ್ಲ ಬೆಸ್ತರ ಹೆಂಗಸರೂ ಮಕ್ಕಳೂ ಅಲ್ಲಿಗೆ ಹೋಗಿ ಮಣಿ, ಸೀಸದ ಚೂರು, ಹಳೆಯ ಕಾಸುಗಳನ್ನು ಆಯುತ್ತಿದ್ದರು. ಊರೂರು ಅಲೆಯುವ ವ್ಯಾಪಾರಿಗಳು ಅವನ್ನು ಕೊಂಡು ಒಯ್ಯುತ್ತಿದ್ದರು. ಇದನ್ನೆಲ್ಲ ಎಲಿಯಟ್ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ನಾಣ್ಯ ಕೈಗೆ ಬಂದದ್ದು ಹೇಗೆಂದು ಬರೆದಿಡುವ ಈ ಪದ್ಧತಿ ಅಂದಿನ ಎಲ್ಲ ಸಂಗ್ರಾಹಕರಲ್ಲೂ ಇರಲಿಲ್ಲ. ಆ ಕಾಲದ ಮೆಟಲ್ ಡಿಟೆಕ್ಟರ್ ಎಂದರೆ ಬೆಸ್ತರ ಮಕ್ಕಳ ಚುರುಕು ಕಣ್ಣುಗಳೇ.

ಆ ಕಾಸುಗಳಲ್ಲಿ ಕೆಲವುಗಳ ಮೇಲೆ ಎರಡು ಪಟಸ್ತಂಭಗಳ ಹಡಗಿನ ಚಿತ್ರವಿತ್ತು. ಇವು ಕುರುಂಬರು ಅಥವಾ ಪಲ್ಲವರ ನಾಣ್ಯಗಳಿರಬೇಕೆಂದು ಎಲಿಯಟ್ ಊಹಿಸಿದ. ನಂತರದ ವಿದ್ವಾಂಸರು ಇನ್ನಷ್ಟು ಸ್ಪಷ್ಟವಾದ ಪ್ರತಿಗಳ ಅಕ್ಷರಗಳನ್ನು ಓದಿ, ಹಡಗಿನ ನಾಣ್ಯಗಳಲ್ಲಿ ಅನೇಕವು ಶಾತವಾಹನರವೆಂದು ತೋರಿಸಿದರು. ಎಲಿಯಟ್‌ನ ಊಹೆ ಹುಸಿಯಾದರೂ ಆತ ಕೂಡಿಟ್ಟ ಸಾಮಗ್ರಿಯೇ ತಿದ್ದುಪಡಿಗೆ ದಾರಿಯಾಯಿತು. ಕರಗಿಹೋದ ನಾಣ್ಯವನ್ನು ಯಾರೂ ಎರಡನೆಯ ಬಾರಿ ಓದಲಾರರು.

ಕಡಲಾಚೆಯೂ ಆತನ ನೋಟ ಹರಿದಿತ್ತು. ಬರ್ಮಾದ ಅರಕಾನ್ ತೀರದ ಚೆದುಬಾ ದ್ವೀಪದಲ್ಲಿ ಸಿಕ್ಕ ತೆಳುವಾದ ಚಿನ್ನದ ನಾಣ್ಯಗಳ ನಡುವೆ ವರಾಹವಿತ್ತು, ಸುತ್ತ ಅಕ್ಷರಗಳಿದ್ದವು. ಅವು ವೆಂಗಿಯ ಪೂರ್ವ ಚಾಲುಕ್ಯರವು, 11ನೇ ಶತಮಾನದವು. ಬಾದಾಮಿಯ ಮನೆತನದ ಒಂದು ಕವಲಿನ ಲಾಂಛನ ಬಂಗಾಳಕೊಲ್ಲಿಯ ಆಚೆ ದಡದಲ್ಲಿ ಸಿಕ್ಕಿತೆಂದರೆ ವ್ಯಾಪಾರ ಎಲ್ಲಿಯವರೆಗೆ ಹಬ್ಬಿತ್ತೆಂದು ಯೋಚಿಸಬಹುದು.

ಕಣ್ಣು ಮಂಜಾದ ಮೇಲೆ

1854ರಲ್ಲಿ ಎಲಿಯಟ್ ಮದ್ರಾಸ್ ಗವರ್ನರ್ ಕೌನ್ಸಿಲಿನ ಸದಸ್ಯನಾದ. 1858ರ ನವೆಂಬರಿನಲ್ಲಿ ಕಂಪನಿಯ ಆಳ್ವಿಕೆ ಕೊನೆಗೊಂಡು ರಾಣಿ ವಿಕ್ಟೋರಿಯಾಳ ಘೋಷಣೆ ಹೊರಬಿದ್ದಾಗ ಗವರ್ನರ್ ಲಾರ್ಡ್ ಹ್ಯಾರಿಸ್ ಅಸ್ವಸ್ಥನಾಗಿದ್ದ. ಹಿರಿಯ ಸದಸ್ಯನಾದ ಕಾರಣ ಮದ್ರಾಸಿನಲ್ಲಿ ಅದನ್ನು ಸಾರುವ ಹೊಣೆ ಎಲಿಯಟ್‌ನ ಮೇಲೆ ಬಿತ್ತು. ಕಿತ್ತೂರಿನಲ್ಲಿ ಒಬ್ಬ ರಾಣಿಯ ಸೆರೆಯಾಳಾಗಿದ್ದವನು ಮೂವತ್ತನಾಲ್ಕು ವರ್ಷಗಳ ನಂತರ ಇನ್ನೊಬ್ಬ ರಾಣಿಯ ಹೆಸರಿನಲ್ಲಿ ಆಡಳಿತದ ಬದಲಾವಣೆಯನ್ನು ಪ್ರಕಟಿಸಿದ. ಇದೇ ವರ್ಷಗಳಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ನಾಣ್ಯಗಳ ಕುರಿತ ಆತನ ಲೇಖನಗಳೂ ಪ್ರಕಟವಾದವು.

1860ರಲ್ಲಿ ನಿವೃತ್ತನಾಗಿ ವುಲ್ಫ್‌ಲೀ ಸೇರಿದ. 1866ರಲ್ಲಿ ಸರ್ ಪದವಿ, 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆತವು. ಅದೇ 1878ರಲ್ಲಿ ಭಾರತದಲ್ಲಿ ನಿಧಿ ಕಾಯ್ದೆ ಜಾರಿಗೆ ಬಂತು. ನೆಲದಲ್ಲಿ ಹತ್ತು ರೂಪಾಯಿಗೂ ಮೇಲ್ಪಟ್ಟ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕೆಂಬ ನಿಯಮ ಬಂದದ್ದು ಆಗ. ಎಲಿಯಟ್ ಧಾರವಾಡದಲ್ಲಿ ಓಡಾಡುವಾಗ ಈ ಕಾನೂನು ಇದ್ದಿದ್ದರೆ ಕಲೆಕ್ಟರ್ ಕಚೇರಿಯಲ್ಲಿ ಕುಳಿತಿದ್ದ ಆತನ ಸಂಗ್ರಹದ ಸ್ವರೂಪವೇ ಬೇರೆಯಾಗುತ್ತಿತ್ತು. ಬಹುಶಃ ಆ ನಾಣ್ಯಗಳಲ್ಲಿ ಹಲವು ಈ ನೆಲದಲ್ಲಿಯೇ ಉಳಿಯುತ್ತಿದ್ದವು. ಅಥವಾ ಕಾನೂನಿಗೆ ಹೆದರಿ ಸಿಕ್ಕವರು ಇನ್ನೂ ಬೇಗ ಕರಗಿಸಿಬಿಡುತ್ತಿದ್ದರೇನೋ.

ನಾಣ್ಯಶಾಸ್ತ್ರ ಕಣ್ಣಿನ ವಿದ್ಯೆ. ಸವೆದ ಅಕ್ಷರದ ಒಂದು ಕೊಂಬು ಎಡಕ್ಕೆ ತಿರುಗಿದೆಯೋ ಬಲಕ್ಕೋ ಎಂಬುದರ ಮೇಲೆ ಒಂದು ಶತಮಾನದ ನಿರ್ಣಯ ನಿಂತಿರುತ್ತದೆ. ಇಳಿವಯಸ್ಸಿನಲ್ಲಿ ಎಲಿಯಟ್ ಕಳೆದುಕೊಂಡದ್ದು ಆ ಕಣ್ಣುಗಳನ್ನೇ. ದೃಷ್ಟಿ ಬಹುಮಟ್ಟಿಗೆ ಹೋಗಿದ್ದ ಆ ವರ್ಷಗಳಲ್ಲಿ, ಎಂಬತ್ತು ದಾಟಿದ ಮುದುಕ, ಅರ್ಧ ಶತಮಾನ ಕೂಡಿಟ್ಟ ಟಿಪ್ಪಣಿಗಳನ್ನೂ ನೆನಪುಗಳನ್ನೂ ನೆಚ್ಚಿಕೊಂಡು ತನ್ನ ಕೊನೆಯ ಕೆಲಸಕ್ಕೆ ಕೈಹಾಕಿದ. ಬೇರೆಯವರು ಓದಿ ಹೇಳಬೇಕು, ಬೇರೆಯವರು ಬರೆದುಕೊಳ್ಳಬೇಕು. ಹಾಗೆ ಸಿದ್ಧವಾದ ದಕ್ಷಿಣ ಭಾರತದ ನಾಣ್ಯಗಳ ಕುರಿತ ಗ್ರಂಥ ಅಂತಾರಾಷ್ಟ್ರೀಯ ಪ್ರಾಚ್ಯ ನಾಣ್ಯಮಾಲೆಯ ಭಾಗವಾಗಿ 1880ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚಾಲುಕ್ಯ, ಕದಂಬ, ಹೊಯ್ಸಳ, ಚೋಳ, ಪಾಂಡ್ಯ ಹೀಗೆ ವಂಶವಾರಿಯಾಗಿ ನಾಣ್ಯಗಳನ್ನು ಜೋಡಿಸಿ, ಚಿತ್ರಫಲಕಗಳನ್ನೂ ಕೊಟ್ಟ ಈ ಪುಸ್ತಕದಲ್ಲಿ ಇಂದು ತಪ್ಪುಗಳನ್ನು ತೋರಿಸುವುದು ಸುಲಭ. ಆದರೆ ನಂತರ ಬಂದವರು ತಮ್ಮ ಪಟ್ಟಿ ಆರಂಭಿಸಿದ್ದು ಇಲ್ಲಿಂದಲೇ. ಆತನ ನಾಣ್ಯಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು. ತಲಕಾಡಿನ ಗೆಲುವನ್ನು ಸಾರುವ ವರಹವನ್ನು ಕನ್ನಡಿಗನೊಬ್ಬ ಅಲ್ಲಿ ನೋಡಬಯಸಿದರೆ ಥೇಮ್ಸ್ ನದಿಯ ದಡಕ್ಕೆ ಹೋಗಬೇಕು.

ಕಣ್ಣು ಹೋದರೂ ದಕ್ಷಿಣದ ಭಾಷೆಗಳ ಗೀಳು ಹೋಗಿರಲಿಲ್ಲ. 1887ರ ಮಾರ್ಚ್ 1ರ ಬೆಳಿಗ್ಗೆ ಎಲಿಯಟ್ ಒಂದು ಕಾಗದ ಬರೆಸಿದ. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ತಮಿಳು ವಿದ್ವಾಂಸ ಜಿ.ಯು. ಪೋಪ್‌ಗೆ ಬರೆದದ್ದು ಅದು. ಆ ಕೃತಿಯ ಬಗ್ಗೆ ಮೆಚ್ಚುಗೆ ಸೂಚಿಸಿ, ಅವರ ಇನ್ನೊಂದು ತಮಿಳು ಕೆಲಸ ಎಲ್ಲಿಯವರೆಗೆ ಬಂತೆಂದು ವಿಚಾರಿಸಿದ್ದ. ಕಾಗದಕ್ಕೆ ತನ್ನ ಕೈಯಿಂದಲೇ ಸಹಿ ಹಾಕಿದ. ಅದೇ ಸಂಜೆ ವುಲ್ಫ್‌ಲೀಯ ಮನೆಯಲ್ಲಿ ಆತ ತೀರಿಕೊಂಡ. ಆಗ ಆತನಿಗೆ ಎಂಬತ್ತನಾಲ್ಕು ವರ್ಷ.